ಹತ್ತೊಂಬತ್ತು ವರ್ಷದ ಚಾಕ್‌ಪೀಸ್ ಪುಡಿ ಎದೆಯಲ್ಲಿ ಕಟ್ಟಿಕೊಂಡಿದೆಯೇ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನಲಿ-ಕಲಿ (ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿ) ಶಿಕ್ಷಕಿ. ವಯಸ್ಸು 44, ಸೇವೆಗೆ ಸೇರಿ 19 ವರ್ಷ. ಎರಡು ವರ್ಷದಿಂದ ಒಣಕೆಮ್ಮು ಬಿಟ್ಟಿಲ್ಲ. ರಾತ್ರಿ ಮೂರು ಗಂಟೆ ಸುಮಾರಿಗೆ ಕೆಮ್ಮಿ ಎಚ್ಚರವಾಗುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿಯುತ್ತದೆ, ಸಂಜೆಗೆ ಧ್ವನಿ ಒಡೆದುಹೋಗುತ್ತದೆ. ದಸರಾ ರಜೆಯಲ್ಲಿ ಎಷ್ಟೋ ವಾಸಿಯಿದ್ದೆ. ಎಕ್ಸ್‌ರೇ ನಾರ್ಮಲ್. ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರು. ಒಮ್ಮೆ ಹಿಡಿದರೆ ಬಿಡೋಕಾಗಲ್ಲ ಎಂದು ಜೊತೆಯವರು ಹೆದರಿಸಿದ್ದರಿಂದ ಇನ್ನೂ ಡಬ್ಬಿ ಒಡೆದಿಲ್ಲ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಧೂಳು ಹೋಗಲೆಂದು ಊಟವಾದ ಮೇಲೆ ಬೆಲ್ಲ ತಿನ್ನುತ್ತೇನೆ. ಇಷ್ಟು ವರ್ಷದ ಚಾಕ್‌ಪೀಸ್ ಪುಡಿ ಶ್ವಾಸಕೋಶದಲ್ಲಿ ಕಟ್ಟಿಕೊಂಡಿದೆಯೇ? ಮಾಸ್ಕ್ ಹಾಕಿಕೊಂಡರೆ ಸಾಕೇ, ವರ್ಗಾವಣೆ ಕೇಳಲೇ, ಸ್ವಯಂ ನಿವೃತ್ತಿ ತೆಗೆದುಕೊಳ್ಳಲೇ?

ಉತ್ತರ: ನಿಮ್ಮ ಪತ್ರದಲ್ಲಿ ನಿಜವಾಗಿ ಇರುವುದು ಎರಡು ಆತಂಕ. ಒಂದು, ಒಳಗೆ ಏನೋ ಕಟ್ಟಿಕೊಂಡಿದೆ, ಅದು ಇನ್ನು ಹೋಗುವುದಿಲ್ಲ ಎಂಬುದು. ಇನ್ನೊಂದು, ಈ ಕೆಲಸವೇ ನನ್ನನ್ನು ತಿನ್ನುತ್ತಿದೆ ಎಂಬುದು. ಮೊದಲನೆಯದು ತಪ್ಪು. ಎರಡನೆಯದರಲ್ಲಿ ಸತ್ಯವಿದೆ, ಆದರೆ ನೀವು ಬೆರಳು ತೋರಿಸುತ್ತಿರುವ ಕಡೆ ಅಲ್ಲ.

ಚಾಕ್‌ಪೀಸ್‌ನಿಂದಲೇ ಶುರುಮಾಡೋಣ. ನಮ್ಮಲ್ಲಿ ಸಿಗುವ ಅಗ್ಗದ ಚಾಕ್‌ಪೀಸ್ ಹೆಚ್ಚಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಅಚ್ಚಿಗೆ ಹೊಯ್ದದ್ದು, ಅಂದರೆ ಜಿಪ್ಸಮ್. ‘ಡಸ್ಟ್‌ಲೆಸ್’ ಎಂದು ಮಾರುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನದು. ಅದರಲ್ಲೂ ಧೂಳಿದೆ, ಕಣ ದಪ್ಪ ಮತ್ತು ಭಾರವಾದ್ದರಿಂದ ಗಾಳಿಯಲ್ಲಿ ಹಾರದೆ ಬೇಗ ಕೆಳಗೆ ಬೀಳುತ್ತದೆ ಅಷ್ಟೆ. ಈ ಎರಡೂ ಕಲ್ಲು ಕ್ವಾರಿಯ ಧೂಳಿನ ಹಾಗಲ್ಲ. ಕ್ವಾರಿ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಗಾಯದ ಗಂಟು ಕಟ್ಟುತ್ತದೆ, ಅದು ಮಾಯುವುದಿಲ್ಲ. ಜಿಪ್ಸಮ್ ಮತ್ತು ಸುಣ್ಣದ ಕಣ ಆ ಕೆಲಸ ಮಾಡುವುದಿಲ್ಲ. ಚಾಕ್ ಪುಡಿಯ ದಪ್ಪ ಕಣಗಳು ಮೂಗು, ಗಂಟಲಲ್ಲೇ ನಿಲ್ಲುತ್ತವೆ. ಅದನ್ನು ದಾಟಿ ಶ್ವಾಸನಾಳಕ್ಕೆ ಇಳಿದದ್ದನ್ನು ನಾಳದ ಒಳಗೋಡೆಯ ಸಣ್ಣ ರೋಮಗಳು ಕಫದ ಜೊತೆ ಮೇಲಕ್ಕೆ ತಳ್ಳುತ್ತವೆ. ನಮಗೆ ಗೊತ್ತಾಗದಂತೆ ದಿನವೂ ನುಂಗಿಬಿಡುತ್ತೇವೆ. ನಿಮ್ಮ ಎದೆಯಲ್ಲಿ 19 ವರ್ಷದ ಬಿಳಿ ಪುಡಿ ಕೂತಿಲ್ಲ.

ಹಾಗೆಂದು ಅದು ನಿರಪರಾಧಿಯೂ ಅಲ್ಲ. ಗಂಟಲನ್ನು ಒಣಗಿಸುತ್ತದೆ, ಕೆರೆಸುತ್ತದೆ, ಮೂಗಿನ ಅಲರ್ಜಿ ಇದ್ದವರಿಗೆ ಸೀನು ತರಿಸುತ್ತದೆ, ಮೊದಲೇ ಉಬ್ಬಸವಿದ್ದರೆ ಕೆಣಕುತ್ತದೆ. ಕೆಣಕುವುದು ಬೇರೆ, ಕಾಯಿಲೆ ಹುಟ್ಟಿಸುವುದು ಬೇರೆ.

ಬೆಲ್ಲದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಗಾರೆ ಕೆಲಸದವರು, ಗಿರಣಿಯವರು, ನಮ್ಮ ಮೇಷ್ಟ್ರುಗಳು ಎಲ್ಲರೂ ನಂಬುವ ಮಾತು: ಬೆಲ್ಲ, ಇಲ್ಲವೇ ಬಾಳೆಹಣ್ಣು, ತಿಂದರೆ ಧೂಳು ಹೊಟ್ಟೆಗೆ ಇಳಿದುಹೋಗುತ್ತದೆ. ತಿಂದದ್ದು ಅನ್ನನಾಳದಲ್ಲಿ ಹೋಗುತ್ತದೆ, ಉಸಿರು ಶ್ವಾಸನಾಳದಲ್ಲಿ. ಎರಡರ ದಾರಿ ಗಂಟಲಲ್ಲೇ ಕವಲೊಡೆಯುತ್ತದೆ. ಬೆಲ್ಲದ ಚೂರು ಚೀಪಿದಾಗ ಜೊಲ್ಲು ಬಂದು ಗಂಟಲು ಹದವಾಗುತ್ತದೆ, ಆ ಹಿತ ನಿಜ. ಒಂದು ಗುಟುಕು ನೀರಿಗೂ ಅಷ್ಟೇ ಹಿತವಿದೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ತಿನ್ನಿ, ಔಷಧಿ ಎಂದುಕೊಂಡು ತಿನ್ನಬೇಡಿ.

ಹಾಗಾದರೆ ಕೆಮ್ಮು ಏಕೆ? ನೀವು ಬರೆದಿರುವ ನಾಲ್ಕು ಸಂಗತಿಗಳನ್ನು ಒಟ್ಟಿಗಿಟ್ಟು ನೋಡಿ: ನಸುಕಿನಲ್ಲಿ ಎಬ್ಬಿಸುವ ಕೆಮ್ಮು, ಎದೆ ಬಿಗಿತ, ರಜೆಯಲ್ಲಿ ವಾಸಿ, ನಾರ್ಮಲ್ ಎಕ್ಸ್‌ರೇ. ಇದು ಅಸ್ತಮಾದ ಚಹರೆ. ಸುಯ್ ಸುಯ್ ಸದ್ದಿಲ್ಲದೆ ಬರೀ ಕೆಮ್ಮಾಗಿ ಬರುವ ಅಸ್ತಮಾ ಅಪರೂಪವೇನಲ್ಲ. ಎಕ್ಸ್‌ರೇ ನಾರ್ಮಲ್ ಎಂದು ನಿರಾಳವಾಗುವವರಿದ್ದಾರೆ, ರೋಗವೇ ಸಿಗುತ್ತಿಲ್ಲ ಎಂದು ಕುಗ್ಗುವವರೂ ಇದ್ದಾರೆ. ಅಸ್ತಮಾದಲ್ಲಿ ನಾಳ ಆಗಾಗ ಮುದುಡಿಕೊಂಡು ಮತ್ತೆ ಸಡಿಲವಾಗುತ್ತದೆ. ಈ ಏರಿಳಿತ ಎಕ್ಸ್‌ರೇ ಫೋಟೊದಲ್ಲಿ ಬರುವುದಿಲ್ಲ. ಅದನ್ನು ಹಿಡಿಯುವುದು ಸ್ಪೈರೊಮೆಟ್ರಿ, ಅಂದರೆ ಊದುವ ಪರೀಕ್ಷೆ. ಮೊದಲೊಮ್ಮೆ ಊದಿಸಿ, ನಾಳ ಸಡಿಲಿಸುವ ಔಷಧಿಯಾದ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಸೇದಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ ಶೇ 12ರಷ್ಟು, ಜೊತೆಗೆ 200 ಮಿ.ಲೀ.ನಷ್ಟು ಹೆಚ್ಚಿದರೆ ಅಸ್ತಮಾಗೆ ಬಲವಾದ ಆಧಾರ ಸಿಕ್ಕಿತು. ರಜೆಯಲ್ಲಿ ಚೆನ್ನಾಗಿರುವಾಗ ಹೋಗಿ ಊದಿದರೆ ಎಲ್ಲ ಸರಿಯಾಗಿಯೇ ಬರಬಹುದು. ಶಾಲೆ ನಡೆಯುವ ವಾರದ ಕೊನೆಗೆ, ಕೆಮ್ಮು ಜೋರಾಗಿರುವಾಗಲೇ ಹೋಗಿ.

ಊದುವ ಪರೀಕ್ಷೆಗೆ ಮುಂಚೆ ನೀವೇ ಮಾಡಬಹುದಾದದ್ದು ಒಂದಿದೆ. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ಔಷಧಿ ಅಂಗಡಿಯಲ್ಲಿ ತರಿಸಿಕೊಡುತ್ತಾರೆ. ನಿಂತುಕೊಂಡು, ಮುಳ್ಳನ್ನು ಸೊನ್ನೆಗೆ ತಂದು, ಎದೆ ತುಂಬ ಉಸಿರು ಎಳೆದು, ತುಟಿಯನ್ನು ಬಿಗಿಯಾಗಿ ಮುಚ್ಚಿ, ದೀಪ ಆರಿಸುವ ಹಾಗೆ ಒಂದೇ ಬಿರುಸಿಗೆ ಊದಬೇಕು. ಮೂರು ಸಲ ಊದಿ ದೊಡ್ಡ ಅಂಕಿಯನ್ನು ಬರೆದುಕೊಳ್ಳಿ. ಎದ್ದ ತಕ್ಷಣ, ಮಧ್ಯಾಹ್ನ ಊಟಕ್ಕೆ ಮುಂಚೆ, ಶಾಲೆ ಬಿಟ್ಟು ಬಂದಮೇಲೆ, ಮಲಗುವ ಮುಂಚೆ, ಹೀಗೆ ದಿನಕ್ಕೆ ನಾಲ್ಕು ಸಲ, ನಾಲ್ಕು ವಾರ. ಭಾನುವಾರ ಬಿಡಬಾರದು. ಒಂದೆರಡು ದಿನ ಸಾಲು ರಜೆ ಸೇರಿದರೆ ಇನ್ನೂ ಒಳ್ಳೆಯದು. ಭಾನುವಾರ 360 ಇದ್ದದ್ದು ಗುರುವಾರ ಸಂಜೆಗೆ 290ಕ್ಕೆ ಇಳಿದು, ಮುಂದಿನ ಭಾನುವಾರ ಮತ್ತೆ ಏರಿದರೆ, ಶಾಲೆಯ ಗಾಳಿಯಲ್ಲಿ ಏನೋ ಇದೆ ಎಂಬುದಕ್ಕೆ ನಿಮ್ಮ ಕೈಬರಹದಲ್ಲೇ ಪುರಾವೆ ಸಿಕ್ಕಿತು. ಭಾನುವಾರವೂ ಸೋಮವಾರವೂ ಒಂದೇ ಸಮ ಇಳಿಯುತ್ತಿದ್ದರೆ ಮನೆಯ ಕಡೆ ನೋಡಬೇಕು: ಒಲೆ, ಹಾಸಿಗೆ, ಮನೆಯವರ ಬೀಡಿ, ಊದುಬತ್ತಿ.

ಇನ್ನು ಬಿಪಿ ಮಾತ್ರೆ. ಅದರ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿರುವ ಹೆಸರು ನೋಡಿ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್ ಎಂದು ‘ಪ್ರಿಲ್’ನಲ್ಲಿ ಕೊನೆಯಾಗಿದ್ದರೆ ಆ ಮಾತ್ರೆಯೇ ಒಣಕೆಮ್ಮು ತರಿಸುತ್ತಿರಬಹುದು, ಕೆಲವರಿಗೆ ಶುರುಮಾಡಿ ತಿಂಗಳುಗಳಾದ ಮೇಲೂ ಬರುತ್ತದೆ. ಪ್ರೊಪ್ರನಲಾಲ್‌ನಂಥವು ಅಸ್ತಮಾವನ್ನೇ ಕೆರಳಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರ ಹತ್ತಿರ ಬದಲಿ ಕೇಳಿ. ಬದಲಿಸಿದ ಮೇಲೆ ಕೆಮ್ಮು ಆರಲು ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರ ಹಿಡಿಯುತ್ತದೆ, ಕೆಲವೊಮ್ಮೆ ಮೂರು ತಿಂಗಳು. ಮತ್ತೆ, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದು ನಿಯಮ. ನಿಮ್ಮದು ಎರಡು ವರ್ಷದ್ದು. ಕ್ಷಯವಿರುವ ಸಾಧ್ಯತೆ ಕಡಿಮೆ ಎಂದೇ ನನಗನ್ನಿಸುತ್ತದೆ, ಆದರೂ ದಿನವಿಡೀ ಪುಟ್ಟ ಮಕ್ಕಳ ಮುಖದ ಹತ್ತಿರ ಕೂರುವವರು ಇದನ್ನು ಅಂದಾಜಿನ ಮೇಲೆ ಬಿಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ.

ಈಗ ನಿಮ್ಮ ತರಗತಿಗೆ ಬರುತ್ತೇನೆ. ನಲಿ-ಕಲಿ ಕೊಠಡಿಯ ರಚನೆ ಬೇರೆ ತರಗತಿಗಳ ಹಾಗಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಚೆಲುವೇ ಅದು: ಮಕ್ಕಳೂ ಶಿಕ್ಷಕಿಯೂ ನೆಲದ ಮೇಲೆ, ಗೋಡೆಯ ಸುತ್ತ ಮಕ್ಕಳ ಎತ್ತರಕ್ಕೆ ಬಳಿದ ಕರಿಹಲಗೆ, ತಲೆಯ ಮೇಲೆ ದಾರ ಕಟ್ಟಿ ಬಣ್ಣದ ಕಾಗದ ತೂಗುಬಿಟ್ಟ ಚಪ್ಪರ. ಕಲಿಕೆಗೆ ಸೊಗಸು, ಉಸಿರಿಗೆ ತೊಡಕು. ಒಬ್ಬ ಶಿಕ್ಷಕಿ ಒಂದು ಬೋರ್ಡಿನಲ್ಲಿ ಬರೆಯುವ ಬದಲು ಇಪ್ಪತ್ತೈದು ಮಕ್ಕಳು ಸುತ್ತಲೂ ಬರೆದು ಅಳಿಸುತ್ತಿರುತ್ತಾರೆ, ಅದೂ ಅಂಗೈಯಿಂದ ಇಲ್ಲವೇ ಅಂಗಿಯ ತೋಳಿನಿಂದ. ಆ ಪುಡಿ ಬೀಳುವ ಎತ್ತರದಲ್ಲೇ ಕೂತವರ ಮೂಗಿದೆ. ಚಪ್ಪರದ ಕಾಗದದ ಮೇಲೆ ತಿಂಗಳುಗಟ್ಟಲೆ ಕೂತ ಧೂಳು ಫ್ಯಾನ್ ಹಾಕಿದಾಗಲೆಲ್ಲ ಉದುರುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಅಪರಾಧಿ ಬೆಳಗಿನ ಪೊರಕೆ. ಪ್ರಾರ್ಥನೆಗೆ ಮುಂಚೆ ಒಣಪೊರಕೆಯಲ್ಲಿ ಕೊಠಡಿ ಗುಡಿಸಿ, ಹತ್ತು ನಿಮಿಷದಲ್ಲಿ ಎಲ್ಲರೂ ಒಳಗೆ ಬಂದು ಕೂರುವುದು. ಒಂದು ಲೆಕ್ಕ ಹೇಳುತ್ತೇನೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ ದಪ್ಪದ ಕಣ ಎದೆಯ ಎತ್ತರದಿಂದ ನೆಲ ಮುಟ್ಟಲು ಹತ್ತು ನಿಮಿಷ ಸಾಕು. 1 ಮೈಕ್ರಾನ್ ಕಣಕ್ಕೆ ಅರ್ಧ ದಿನ ಬೇಕು. ಅಂದರೆ ನೀವು ಒಳಗೆ ಕಾಲಿಡುವಾಗ ಕಣ್ಣಿಗೆ ಕಾಣುವ ಧೂಳು ಅಡಗಿರುತ್ತದೆ. ಶ್ವಾಸನಾಳದ ಕೊನೆಯವರೆಗೂ ಇಳಿಯಬಲ್ಲ ಸಣ್ಣದು ಸಂಜೆಯ ಗಂಟೆ ಹೊಡೆಯುವವರೆಗೂ ತೇಲುತ್ತಲೇ ಇರುತ್ತದೆ. ಮಧ್ಯಾಹ್ನಕ್ಕೆ ಎದೆ ಬಿಗಿಯುವುದು ಇದರಿಂದಿರಬಹುದು. ಅದರಲ್ಲಿ ಚಾಕ್ ಸ್ವಲ್ಪ. ಉಳಿದದ್ದು ಮಕ್ಕಳ ಕಾಲಲ್ಲಿ ಬಂದ ಮಣ್ಣು, ಜಿರಲೆಯ ಕಸ, ಸೋರುವ ಮೂಲೆಯ ಬೂಷ್ಟು, ಮೈದಾನದಂಚಿನ ಪಾರ್ಥೇನಿಯಂ, ಅದೇ ಕಾಂಗ್ರೆಸ್ ಗಿಡದ ಪರಾಗ. ಅಲರ್ಜಿಯ ಸರಕು ಇವುಗಳಲ್ಲಿದೆ, ಸೀಮೆಸುಣ್ಣದಲ್ಲಿಲ್ಲ.

ಇನ್ನೊಂದು ಹನ್ನೊಂದೂವರೆಯ ಒಗ್ಗರಣೆ. ಐವತ್ತು ಮಕ್ಕಳ ಸಾಂಬಾರಿಗೆ ಒಣಮೆಣಸಿನಕಾಯಿ ಬಿದ್ದಾಗ ಇಡೀ ಶಾಲೆ ಕೆಮ್ಮುತ್ತದೆ, ಎಲ್ಲರೂ ನಗುತ್ತಾರೆ. ಉಬ್ಬಸವಿರುವವರಿಗೆ ಆ ಘಾಟು ಎರಡು ಮೂರು ತಾಸಿನ ಕಾಟ. ಬಿಸಿಯೂಟಕ್ಕೆ ಗ್ಯಾಸ್ ಇದ್ದರೂ ಸಿಲಿಂಡರ್ ತಡವಾದ ವಾರ ಸೌದೆ ಒಲೆ ಹೊತ್ತುತ್ತದೆ. ಕೊಠಡಿಯ ಹಿಂದೆ ಕಾಗದ, ಹಾಲಿನ ಪುಡಿಯ ಪ್ಯಾಕೆಟ್ಟು ಸುಡುವುದೂ ಇದ್ದರೆ, ನಿಮ್ಮ ಎದೆಯ ಮಟ್ಟಿಗೆ ವರ್ಷವಿಡೀ ಬರೆಯುವ ಚಾಕ್‌ಪೀಸಿಗಿಂತ ಅದು ಕೆಟ್ಟದ್ದು. ಸುಡುವುದನ್ನು ನಾಳೆಯಿಂದಲೇ ನಿಲ್ಲಿಸಿ. ಇದಕ್ಕೆ ಅನುದಾನ ಬೇಕಿಲ್ಲ.

ಬದಲಾವಣೆಗಳಲ್ಲಿ ಮೊದಲನೆಯದು ಗುಡಿಸುವ ಹೊತ್ತು. ಬೆಳಗಿನ ಬದಲು ಸಂಜೆ, ಮಕ್ಕಳು ಹೋದ ಮೇಲೆ, ಕಿಟಕಿ ಬಾಗಿಲು ತೆರೆದು. ಗುಡಿಸುವ ಮುಂಚೆ ನೀರು ಚಿಮುಕಿಸಬೇಕು. ಮನೆಯಂಗಳಕ್ಕೆ ನೀರು ಹಾಕದೆ ಪೊರಕೆ ಆಡಿಸದ ನಮ್ಮ ಹೆಂಗಸರು ಶಾಲೆಗೆ ಬಂದರೆ ಇದನ್ನು ಏಕೆ ಮರೆಯುತ್ತಾರೋ! ಬೆಳಗ್ಗೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಉಬ್ಬಸವಿರುವ ಮಕ್ಕಳ ಕೈಗೂ ನಿಮ್ಮ ಕೈಗೂ ಪೊರಕೆ ಬೇಡ.

ಹಲಗೆಗೆ ಡಸ್ಟರ್ ಬಿಟ್ಟುಬಿಡಿ. ಒಂದು ಮೊಳದ ಹಳೆಯ ಹತ್ತಿ ಬಟ್ಟೆ ಎರಡು ತುಂಡು, ಅರ್ಧ ಬಕೆಟ್ ನೀರು. ಒಂದನ್ನು ಹನಿ ತೊಟ್ಟಿಕ್ಕದಷ್ಟು ಗಟ್ಟಿಯಾಗಿ ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ. ಇನ್ನೊಂದರಿಂದ ತೇವ ಹೀರಿಸಿ. ಬಟ್ಟೆಯಲ್ಲಿ ನೀರು ಹೆಚ್ಚಾದರೆ ಬಿಳಿ ಕೆಸರಾಗಿ ಹಲಗೆಗೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಪುಡಿ. ಈ ಕ್ರಮ ಸೋಲುವುದು ಹೆಚ್ಚಾಗಿ ಇಲ್ಲಿಯೇ, ಆಮೇಲೆ ‘ಒದ್ದೆ ಬಟ್ಟೆ ಸರಿಹೋಗಲ್ಲ’ ಎಂದು ಡಸ್ಟರಿಗೆ ಮರಳುತ್ತಾರೆ. ಐದು ನಿಮಿಷ ಆರಲು ಬಿಟ್ಟು ಬರೆಯಿರಿ. ಮಕ್ಕಳ ಗೋಡೆಹಲಗೆಗೂ ಅಂಗೈಯಗಲದ ಒದ್ದೆ ಬಟ್ಟೆ ಒಂದೊಂದು ಕೊಡಿ, ನೀರಾಟವೆಂದು ಖುಷಿಯಿಂದ ಒರೆಸುತ್ತಾರೆ. ಬಣ್ಣ ಹೋಗಿ ಒರಟಾದ ಹಲಗೆ ಚಾಕ್‌ಪೀಸನ್ನು ಅರದಂತೆ ತೇಯುತ್ತದೆ; ಬೇಸಿಗೆ ರಜೆಯ ಆರಂಭದಲ್ಲೇ ಬಣ್ಣ ಬಳಿಸಿ. ಶಾಲೆ ತೆರೆಯುವ ಹಿಂದಿನ ದಿನ ಬಳಿಸಿದರೆ ಆ ವಾಸನೆಯೇ ಹೊಸ ತೊಂದರೆ.

ಹಲಗೆಗೆ ಮುಖ ಮಾಡಿಕೊಂಡು ಬರೆಯುತ್ತಲೇ ಮಾತಾಡುವ ಅಭ್ಯಾಸ ನಿಮಗಿದೆಯೇ ನೋಡಿಕೊಳ್ಳಿ. ಮಾತಾಡುವಾಗ ಉಸಿರು ಬಾಯಿಂದ ಒಳಗೆ ಹೋಗುತ್ತದೆ, ಮೂಗಿನ ಜರಡಿ ತಪ್ಪಿಹೋಗುತ್ತದೆ. ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡಿ. ಚಪ್ಪರದ ಕಾಗದಗಳನ್ನು ತಿಂಗಳಿಗೊಮ್ಮೆ ಇಳಿಸಿ, ಹರಿದ ಹಳೆಯದನ್ನು ಬಿಸಾಡಿ. ಹಳೆ ಕಾರ್ಡುಗಳ ಟ್ರೇ, ಕಡತದ ಬೀರು ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರೆ ಅದನ್ನು ಕೊಡವುವ ಕೆಲಸ ನಿಮ್ಮದಾಗಬಾರದು. ಜಂತಿಯಲ್ಲಿ ಪಾರಿವಾಳ ಸೇರಿದ್ದರೆ ಒಣಗಿದ ಹಿಕ್ಕೆಯನ್ನು ಗುಡಿಸದೆ, ನೀರು ಹಾಕಿ ನೆನೆಸಿ ತೆಗೆಸಿ. ಅದರಿಂದ ಬರುವ ಶ್ವಾಸಕೋಶದ ಉರಿಯೂತ ಅಸ್ತಮಾಗಿಂತ ಗಂಭೀರ. ಮೇಲ್ಚಾವಣಿ ಹಳೆಯ ಸಿಮೆಂಟ್ ಶೀಟಿನದ್ದಾಗಿದ್ದರೆ ಕಲ್ನಾರಿನ (ಆಸ್ಬೆಸ್ಟಾಸ್) ಭಯ ಸಹಜ. ಒಡೆಯದೆ, ಕೊರೆಯದೆ ಇರುವ ಶೀಟಿನಿಂದ ಎಳೆ ಉದುರುವುದು ಕಡಿಮೆ, ಅದರ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳು ಬೇಕು. ನಿಮ್ಮ ಈಗಿನ ಕೆಮ್ಮಿಗೆ ಅದು ಕಾರಣವಲ್ಲ. ಮೊಳೆ ಹೊಡೆಸಬೇಡಿ, ಅಷ್ಟೆ.

ಮಾಸ್ಕ್ ಕೇಳಿದ್ದೀರಿ. ಬಟ್ಟೆ ಮಾಸ್ಕ್ ಸಣ್ಣ ಕಣವನ್ನು ತಡೆಯುವುದು ಅಷ್ಟಕ್ಕಷ್ಟೆ. ಎನ್-95 ತಡೆಯುತ್ತದೆ, ಆದರೆ ಅದನ್ನು ಹಾಕಿಕೊಂಡು ಐದು ತಾಸು ಪಾಠ ಮಾಡಿದರೆ ಧ್ವನಿ ಏರಿಸಲೇಬೇಕು, ಗಂಟಲು ಇನ್ನೂ ಬೇಗ ಸೋಲುತ್ತದೆ. ಮಕ್ಕಳಿಗೆ ಅಕ್ಷರದ ಉಚ್ಚಾರ ಕಲಿಸುವವರ ತುಟಿ ಕಾಣಿಸಬೇಕು ಕೂಡ. ಬೀರು ಸ್ವಚ್ಛ ಮಾಡುವ ದಿನ, ಸುಣ್ಣ ಬಳಿಯುವ ದಿನ ಎನ್-95 ಹಾಕಿ, ದಿನವೂ ಬೇಡ. ಬಿಳಿಹಲಗೆ ಮತ್ತು ಮಾರ್ಕರ್ ಒಳ್ಳೆಯ ಬದಲಿ, ಆದರೆ ಮಾರ್ಕರಿನ ದ್ರಾವಕದ ವಾಸನೆಗೆ ಕೆಮ್ಮುವವರೂ ಇದ್ದಾರೆ, ಮತ್ತು ನಲಿ-ಕಲಿಯ ಸುತ್ತುಗೋಡೆಗೆ ಅದು ಆಗುವ ಮಾತಲ್ಲ.

ಧ್ವನಿ ಒಡೆಯುವುದಕ್ಕೆ ಬೇರೆಯದೇ ಕಾರಣವಿದೆ. ಕೆಮ್ಮು ಧ್ವನಿತಂತುಗಳನ್ನು ಬಡಿಯುತ್ತದೆ, ಏರುದನಿ ಉಜ್ಜುತ್ತದೆ, ನೀರಿಲ್ಲದ ಗಂಟಲು ಎರಡನ್ನೂ ತಾಳಿಕೊಳ್ಳದು. ಶಿಕ್ಷಕಿಯರು ಶಾಲೆಯಲ್ಲಿ ನೀರು ಕುಡಿಯದಿರುವುದಕ್ಕೆ ಕಾರಣ ಬಾಯಾರಿಕೆಯ ಕೊರತೆಯಲ್ಲ, ಬಳಸುವಂಥ ಶೌಚಾಲಯದ ಕೊರತೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಆರೋಗ್ಯದ ವಿಷಯವಾಗಿಯೇ ಎತ್ತಿ. ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕ್ ತರಿಸಿಕೊಂಡರೆ ಗಂಟಲಿಗೆ ದೊಡ್ಡ ಬಿಡುವು. ಅಲರ್ಜಿಗೆಂದು ದಿನವೂ ನುಂಗುವ ಸೆಟಿರಿಜಿನ್ ಜಾತಿಯ ಮಾತ್ರೆ ಗಂಟಲನ್ನು ಒಣಗಿಸುತ್ತದೆ ಎಂಬುದೂ ಗೊತ್ತಿರಲಿ. ಮೂರು ವಾರವಾದರೂ ಧ್ವನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರು ಕೊಳವೆ ಹಾಕಿ ಧ್ವನಿತಂತುವನ್ನು ಕಣ್ಣಾರೆ ನೋಡಬೇಕು.

ಕೊನೆಗೆ, ನೀವು ಒಡೆಯದೆ ಇಟ್ಟಿರುವ ಆ ಡಬ್ಬಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಳವಳ ಕೊಟ್ಟದ್ದು ಅದೇ. ಇನ್‌ಹೇಲರ್ ಚಟ ಹಿಡಿಸುವುದಿಲ್ಲ. ಬಿಟ್ಟಾಗ ಉಬ್ಬಸ ಮರಳಿದರೆ ಅದು ಕಾಯಿಲೆ ಉಳಿದಿದೆ ಎಂದು ಅರ್ಥ. ಕನ್ನಡಕ ತೆಗೆದರೆ ಅಕ್ಷರ ಮಸುಕಾಗುವುದನ್ನು ನಾವು ಕನ್ನಡಕದ ಚಟ ಎನ್ನುವುದಿಲ್ಲ. ಇನ್‌ಹೇಲರಿನಲ್ಲಿರುವ, ಊತ ತಣಿಸುವ ಸ್ಟೆರಾಯ್ಡ್ ಬುಡೆಸೊನೈಡ್ ಆದರೆ ಒಂದು ಸೇದಿಗೆ ಸಿಗುವುದು ಸಾಮಾನ್ಯವಾಗಿ 200 ಮೈಕ್ರೋಗ್ರಾಂ. ಹಳ್ಳಿ ಕ್ಲಿನಿಕ್ಕುಗಳಲ್ಲಿ ದಮ್ಮಿಗೆ ಕೊಡುವ 10 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ತೂಕದಲ್ಲಿ ಅದರ ಐವತ್ತು ಪಟ್ಟು, ಅದೂ ರಕ್ತದ ಮೂಲಕ ಇಡೀ ಮೈಗೆ. ಇನ್‌ಹೇಲರಿಗೆ ಹೆದರಿ ಆ ಮಾತ್ರೆ, ‘ಡೆಕ್ಸಾ’ ಸೂಜಿ ಎಂದು ತಿಂಗಳಿಗೊಮ್ಮೆ ಹೋಗುವವರಿಗೇ ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು. ಮೃಗಶಿರ ಮಳೆ ಕೂಡುವ ದಿನ ಉಬ್ಬಸಕ್ಕೆಂದು ಹಂಚುವ ನಾಟಿ ಮದ್ದು ತೆಗೆದುಕೊಂಡು ಬಂದು ಇನ್‌ಹೇಲರ್ ಎಸೆಯುವವರೂ ಇದ್ದಾರೆ; ಶಾಲೆ ತೆರೆದು, ಮಳೆ ಹಿಡಿದು, ಬೂಷ್ಟು ಏಳುವ ಕಾಲವೂ ಅದೇ ಎಂಬುದನ್ನು ಮರೆಯುತ್ತಾರೆ. ಮಾಂಟೆಲುಕಾಸ್ಟ್ ಮಾತ್ರೆ ಕೆಲವರಿಗೆ ಅನುಕೂಲ, ಆದರೆ ಅದರಿಂದ ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು ಉಂಟು. ಹಾಗಾದರೆ ತಕ್ಷಣ ವೈದ್ಯರಿಗೆ ಹೇಳಬೇಕು.

ಸ್ಟೆರಾಯ್ಡ್ ಇನ್‌ಹೇಲರಿಗೆ ನಿಜವಾದ ಅಡ್ಡಪರಿಣಾಮವೊಂದಿದೆ, ಅದು ಶಿಕ್ಷಕರಿಗೇ ಹೆಚ್ಚು ತಟ್ಟುತ್ತದೆ: ಧ್ವನಿ ಗೊಗ್ಗರಾಗುವುದು, ಬಾಯಲ್ಲಿ ಬಿಳಿ ಅಗ್ರು. ಬೆಳಗ್ಗೆ ಮತ್ತು ರಾತ್ರಿ ಹಲ್ಲುಜ್ಜುವ ಮುಂಚೆ ಸೇದಿ, ಆಮೇಲೆ ನೀರಿನಿಂದ ಗಳಗಳ ಮುಕ್ಕಳಿಸಿ ಉಗುಳಿ. ಕ್ಯಾಪ್ಸೂಲ್ ಹಾಕುವ ಪುಡಿಯಂತ್ರವಾದರೆ ಜೋರಾಗಿ, ಆಳವಾಗಿ ಎಳೆಯಬೇಕು. ಒತ್ತುವ ಪಂಪ್ ಆದರೆ ನಿಧಾನಕ್ಕೆ. ಈ ಎರಡನ್ನು ಅದಲುಬದಲು ಮಾಡಿ, ಔಷಧಿಯೇ ಕೆಲಸ ಮಾಡಲಿಲ್ಲ ಎನ್ನುವವರು ಬಹಳ. ಎರಡರಲ್ಲೂ ಸೇದಿದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಪಂಪಿಗೆ ಸ್ಪೇಸರ್ (ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ) ಜೋಡಿಸಿದರೆ ಗಂಟಲಿಗೆ ಬೀಳುವ ಪಾಲು ಕಡಿಮೆಯಾಗುತ್ತದೆ, ಧ್ವನಿಗೂ ಒಳ್ಳೆಯದು. ಎರಡು ವಾರದಲ್ಲಿ ರಾತ್ರಿ ಕೆಮ್ಮು ಇಳಿಯಬೇಕು. ಪೂರ್ಣ ಗುಣ ಅಳೆಯಲು ಮೂರು ತಿಂಗಳು ಕೊಡಿ, ಆಮೇಲೆ ಪ್ರಮಾಣ ಇಳಿಸುವುದು ವೈದ್ಯರ ಕೆಲಸ. ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಅದು ನಾಳವನ್ನು ಸಡಿಲಿಸುತ್ತದೆಯೇ ಹೊರತು ಊತವನ್ನು ತಣಿಸುವುದಿಲ್ಲ.

ವರ್ಗಾವಣೆ, ಸ್ವಯಂ ನಿವೃತ್ತಿಯ ಮಾತು ಈ ಮೂರು ತಿಂಗಳು ಆಗುವವರೆಗೆ ಬೇಡ. ಮುಂದಿನ ಊರಿನಲ್ಲೂ ಪೊರಕೆ, ಒಗ್ಗರಣೆ ಇದ್ದೇ ಇರುತ್ತವೆ. ಮಲೆನಾಡಿನ ಕಡೆ ಹೋದರೆ ಧೂಳು ಕಡಿಮೆ, ಬೂಷ್ಟು ಜಾಸ್ತಿ. ಔಷಧಿ ಸರಿಯಾಗಿ ತೆಗೆದುಕೊಂಡು, ಕೊಠಡಿ ಬದಲಾಯಿಸಿಕೊಂಡ ಮೇಲೂ ಪೀಕ್ ಫ್ಲೋ ಅಂಕಿ ಶಾಲೆಯ ದಿನಗಳಲ್ಲಿ ಕುಸಿಯುತ್ತಲೇ ಇದ್ದರೆ, ಮೊದಲು ಅದೇ ಶಾಲೆಯಲ್ಲಿ ನಾಲ್ಕು-ಐದನೇ ತರಗತಿಗೆ, ಅಡುಗೆಮನೆಯಿಂದ ದೂರದ ಕೊಠಡಿಗೆ ಬದಲಿ ಕೇಳಿ. ಆ ನಾಲ್ಕು ವಾರದ ಹಾಳೆ ಮುಖ್ಯ ಶಿಕ್ಷಕರ ಮುಂದೆ ನಿಮ್ಮ ಪರವಾಗಿ ಮಾತಾಡುತ್ತದೆ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ತುಟಿ ನೀಲಿಯಾಗುವುದು, ಪೀಕ್ ಫ್ಲೋ ನಿಮ್ಮ ಅತ್ಯುತ್ತಮ ಅಂಕಿಯ ಅರ್ಧಕ್ಕಿಂತ ಕೆಳಗಿಳಿಯುವುದು, ಇವುಗಳಲ್ಲಿ ಯಾವುದೇ ಒಂದಾದರೂ ಕಾಯಬೇಡಿ. ಸಾಲ್ಬುಟಮಾಲನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕರಿಂದ ಹತ್ತು ಸಲ, ಇಪ್ಪತ್ತು ನಿಮಿಷಕ್ಕೊಮ್ಮೆ ಮತ್ತೆ, ಅಷ್ಟರಲ್ಲಿ 108ಕ್ಕೆ ಕರೆ. ಆ ಪಂಪ್ ನಿಮ್ಮ ಕೈಚೀಲದಲ್ಲೇ ಇರಲಿ, ಮುಖ್ಯ ಶಿಕ್ಷಕರು ಬೀಗ ಹಾಕಿಕೊಂಡು ಮೀಟಿಂಗಿಗೆ ಹೋಗುವ ಆಫೀಸಿನ ಬೀರುವಿನಲ್ಲಿ ಬೇಡ.